ಗೀಸರ್, ಘಾಟಿ, ಫಿಲ್ಟರ್ ಮತ್ತು ಒಂದು ಹೆದರಿಸುವ ಫೋನ್: ಈ ಸಲದ ನಿಮ್ಮ ಪ್ರಶ್ನೆಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮನೆ ಮತ್ತು ರಸ್ತೆಯವು. ಕೆಲವಕ್ಕೆ ನಾಲ್ಕು ಸಾಲು ಸಾಕಾಯಿತು. ಕೆಲವಕ್ಕೆ ಉದ್ದ ಬರೆದಿದ್ದೇನೆ, ಯಾಕೆಂದರೆ ಅವುಗಳಲ್ಲಿ ದುಡ್ಡಿನ ಜೊತೆ ಜೀವದ ಮಾತೂ ಇದೆ.

ಪ್ರ: ಗೃಹಜ್ಯೋತಿಯಲ್ಲಿ ನಮಗೆ ಸೊನ್ನೆ ಬಿಲ್ ಬರುತ್ತಿತ್ತು. ಹೋದ ತಿಂಗಳು 208 ಯೂನಿಟ್ ಆಯಿತು, ಪೂರ್ತಿ ಬಿಲ್ ಬಂತು. ಬರೀ ಎಂಟು ಯೂನಿಟ್‌ಗೆ ಹೀಗಾ?
(ಓದುಗರು, ಮೈಸೂರು)

ಉ: ಹೌದು, ನಿಯಮ ಹಾಗೇ ಇದೆ. 2022-23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿ ನಿಮ್ಮ ಉಚಿತ ಪಾಲು ಎಷ್ಟು ಅಂತ ಲೆಕ್ಕ ಹಾಕಿರುತ್ತಾರೆ. ಆ ಪಾಲು ದಾಟಿಯೂ 200ರ ಒಳಗಿದ್ದರೆ ಹೆಚ್ಚಾದದ್ದಕ್ಕೆ ಮಾತ್ರ ದುಡ್ಡು. 200 ದಾಟಿದರೆ ಇಡೀ ಬಿಲ್ ನಿಮ್ಮದೇ.

ಆದರೆ ಆ ಎಂಟು ಯೂನಿಟ್ ಎಲ್ಲಿ ಹೋಯಿತು ಅಂತ ಹುಡುಕುವುದು ಕಷ್ಟವಲ್ಲ. ಸಾಮಾನ್ಯವಾಗಿ ಮನೆಯ ಟ್ಯಾಂಕ್ ಗೀಸರ್ 2 ಕಿಲೋವ್ಯಾಟ್‌ನದು. ಅದರ ದೀಪ ಅರ್ಧ ಗಂಟೆ ಉರಿದರೆ ಒಂದು ಯೂನಿಟ್ ಹೋಯಿತು. ದಿನಕ್ಕೆ ಹದಿನೈದು ನಿಮಿಷ ಕಡಿಮೆ ಉರಿಸಿದರೆ ತಿಂಗಳಿಗೆ 15 ಯೂನಿಟ್ ಉಳಿಯುತ್ತದೆ, ನಿಮಗೆ ಬೇಕಾದದ್ದು ಅದಕ್ಕಿಂತ ಕಡಿಮೆ. ಗೀಸರ್ ಹಾಕಿ ಮರೆಯುವುದು, ಸುಡುವಷ್ಟು ಬಿಸಿಗೆ ಇಟ್ಟು ಆಮೇಲೆ ತಣ್ಣೀರು ಬೆರೆಸುವುದು, ಒಬ್ಬರ ಸ್ನಾನವಾಗಿ ಒಂದು ಗಂಟೆ ಬಿಟ್ಟು ಇನ್ನೊಬ್ಬರು ಹೋಗುವುದು, ಇವೇ ಮೂರು ಕಾರಣ. ಥರ್ಮೋಸ್ಟಾಟ್ 50-55 ಡಿಗ್ರಿಗೆ ಇಳಿಸಿ, ಸ್ನಾನಗಳನ್ನು ಒಂದರ ಹಿಂದೆ ಒಂದು ಮುಗಿಸಿ.

ಫ್ಯಾನ್ ಹಳೆಯದಾದರೆ ಅದನ್ನೂ ನೋಡಿ. ಹಳೇ ಫ್ಯಾನ್ ಸುಮಾರು 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಅನ್ನುವ ಹೊಸ ಬಗೆಯ ಫ್ಯಾನ್ 30 ವ್ಯಾಟ್ ಆಸುಪಾಸು. ದಿನಕ್ಕೆ ಹನ್ನೆರಡು ಗಂಟೆ ತಿರುಗುವ ಎರಡು ಫ್ಯಾನ್ ಬದಲಾಯಿಸಿದರೆ ತಿಂಗಳಿಗೆ 30 ಯೂನಿಟ್‌ಗೂ ಜಾಸ್ತಿ ಉಳಿತಾಯ. ಬಾಡಿಗೆ ಮನೆಯಾದರೆ ಹಳೇ ಫ್ಯಾನ್ ಜೋಪಾನವಾಗಿ ಎತ್ತಿಡಿ, ಖಾಲಿ ಮಾಡುವಾಗ ಅದನ್ನೇ ಹಾಕಿ ನಿಮ್ಮದನ್ನು ತೆಗೆದುಕೊಂಡು ಹೋಗಬಹುದು.

ಪ್ರ: ಕಲಬುರಗಿಯ ಬಿಸಿಲಿಗೆ ಎ.ಸಿ. ಬೇಕೇ ಬೇಕು. ಮೂರು ಸ್ಟಾರ್ ಸಾಕಾ, ಐದು ಸ್ಟಾರ್ ತಗೊಳ್ಳಲಾ? ಅಂಗಡಿಯವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
(ಓದುಗರು, ಕಲಬುರಗಿ)

ಉ: ಸ್ಟಾರ್‌ಗಿಂತ ಮೊದಲು ಲೇಬಲ್ ಮೇಲಿನ ಎರಡು ಸಂಖ್ಯೆ ಓದಿ. ಒಂದು ವರ್ಷ, ಇನ್ನೊಂದು ಯೂನಿಟ್. ಸ್ಟಾರ್ ಕೊಡುವ ಅಳತೆಯನ್ನು ಆಗಾಗ ಬಿಗಿ ಮಾಡುತ್ತಾರೆ, ಹಾಗಾಗಿ ಹಳೇ ಸ್ಟಾಕಿನ ಐದು ಸ್ಟಾರ್ ಹೊಸ ಅಳತೆಯಲ್ಲಿ ಐದು ಆಗಿರುವುದಿಲ್ಲ. ಲೇಬಲ್ ಮೇಲಿನ ಯೂನಿಟ್ ಲೆಕ್ಕ ವರ್ಷಕ್ಕೆ 1600 ಗಂಟೆ ಓಡಿಸಿದರೆ ಆಗುವಷ್ಟು. ನೀವು ನಾಲ್ಕು ತಿಂಗಳು ದಿನಕ್ಕೆ ಎಂಟು ಗಂಟೆ ಹಾಕಿದರೆ 960 ಗಂಟೆ, ಅಂದರೆ ಅದರ ಶೇ 60. ಎರಡು ಲೇಬಲ್‌ಗಳ ವ್ಯತ್ಯಾಸದಲ್ಲಿ ಶೇ 60 ತೆಗೆದು ನಿಮ್ಮ ಯೂನಿಟ್ ದರದಿಂದ ಗುಣಿಸಿ. ಬೆಲೆಯ ವ್ಯತ್ಯಾಸ ಐದು ವರ್ಷದೊಳಗೆ ವಾಪಸ್ ಬರುವಂತಿದ್ದರೆ ಐದು ಸ್ಟಾರ್ ತಗೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಎ.ಸಿ. ಮೇಲಿನ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದೂ ಸರಿಯಾಗಿದೆಯಾ ನೋಡಿ.

ಪ್ರ: ವಿಜಯನಗರದಲ್ಲಿ ಇದ್ದೇವೆ, ಕಾವೇರಿ ನೀರು ಬರುತ್ತದೆ. ಮೊನ್ನೆ ಫಿಲ್ಟರ್ ಮಾರುವವರೊಬ್ಬರು ಬಂದು ನಮ್ಮ ನಲ್ಲಿ ನೀರಿನ ಲೋಟಕ್ಕೆ ಎರಡು ಕಡ್ಡಿ ಇಳಿಸಿ ಸ್ವಿಚ್ ಹಾಕಿದರು. ಎರಡೇ ನಿಮಿಷದಲ್ಲಿ ನೀರು ಕಂದು ಬಣ್ಣಕ್ಕೆ ತಿರುಗಿ ಗಸಿ ಕೂತಿತು. ಅವರ ಆರ್‌ಓ ನೀರು ತಿಳಿಯಾಗಿಯೇ ಇತ್ತು. ಮಕ್ಕಳಿಗೆ ಇಷ್ಟು ದಿನ ಇದನ್ನೇ ಕುಡಿಸಿದೆವಲ್ಲ ಅಂತ ಸಂಕಟವಾಗುತ್ತಿದೆ.
(ಓದುಗರು, ಬೆಂಗಳೂರು)

ಉ: ದಯವಿಟ್ಟು ಸಂಕಟಪಡಬೇಡಿ. ಆ ಗಸಿ ನಿಮ್ಮ ನೀರಿನದಲ್ಲ, ಆ ಕಡ್ಡಿಯದು. ಕಡ್ಡಿಗಳಲ್ಲಿ ಕಬ್ಬಿಣದ್ದು ಒಂದು ಇರುತ್ತದೆ. ನಮ್ಮ ನೀರಿನಲ್ಲಿ ಲವಣಗಳು ಕರಗಿರುವುದರಿಂದ ಅದರಲ್ಲಿ ಕರೆಂಟ್ ಹರಿಯುತ್ತದೆ. ಕರೆಂಟ್ ಹರಿದಾಗ ಕಬ್ಬಿಣ ಸವೆದು, ತುಕ್ಕಾಗಿ ನೀರಿಗೆ ಇಳಿಯುತ್ತದೆ. ಆರ್‌ಓ ನೀರಿನಲ್ಲಿ ಲವಣ ಬಹಳ ಕಡಿಮೆ. ಕರೆಂಟ್ ಸರಿಯಾಗಿ ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಉಳಿಯುತ್ತದೆ. ಇನ್ನೊಂದು ಸಲ ಯಾರಾದರೂ ಹೀಗೆ ತೋರಿಸಲು ಬಂದರೆ ಅವರ ಆರ್‌ಓ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ, ಈಗ ಸ್ವಿಚ್ ಹಾಕಿ ಅನ್ನಿ. ಅದೂ ಕಂದಾಗುತ್ತದೆ. ಮಕ್ಕಳಿರುವ ಮನೆಗೆ ಬಂದು ತಾಯಂದಿರ ಮನಸ್ಸಿಗೆ ಹೀಗೆ ಭಯ ಹಾಕಿ ಸಾವಿರಾರು ರೂಪಾಯಿಯ ಯಂತ್ರ ಮಾರುವುದು ನನಗೆ ನಿಜಕ್ಕೂ ಸಿಟ್ಟು ತರಿಸುವ ವಿಷಯ.

ಹಾಗಾದರೆ ನಿಮಗೆ ಏನು ಬೇಕು? ಮೊದಲು ಒಂದು ಟಿಡಿಎಸ್ ಮೀಟರ್, ಅಂದರೆ ನೀರಿನಲ್ಲಿ ಕರಗಿದ ಲವಣ ಎಷ್ಟು ಅಂತ ಅಳೆಯುವ ಸಾಧನ, ಪೆನ್ನಿನಷ್ಟು ದೊಡ್ಡದು, ಕೆಲವು ನೂರು ರೂಪಾಯಿ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡದ ಪ್ರಕಾರ ಅದು ಲೀಟರ್‌ಗೆ 500 ಮಿಲಿಗ್ರಾಂ ಒಳಗಿದ್ದರೆ ಸರಿ. ಕಾವೇರಿ ನೀರು ಸಾಮಾನ್ಯವಾಗಿ ಅದಕ್ಕಿಂತ ಬಹಳ ಕೆಳಗೇ ಇರುತ್ತದೆ. ಅದಕ್ಕೆ ಆರ್‌ಓ ಬೇಡ. ಯುವಿ ಫಿಲ್ಟರ್ ಸಾಕು, ಇಲ್ಲವೇ ಕುದಿಸಿ ಆರಿಸಿ ಸೋಸಿದರೂ ಸಾಕು. ನಿಜವಾಗಿ ನೋಡಬೇಕಾದದ್ದು ನಿಮ್ಮ ಸಂಪು ಮತ್ತು ಓವರ್‌ಹೆಡ್ ಟ್ಯಾಂಕ್. ಕೊನೆಯ ಸಲ ತೊಳೆಸಿದ್ದು ಯಾವಾಗ? ನಲ್ಲಿಯವರೆಗೆ ಚೆನ್ನಾಗಿ ಬಂದ ನೀರು ಅಲ್ಲೇ ಕೆಡುವುದು ಹೆಚ್ಚು.

ಅಪಾರ್ಟ್‌ಮೆಂಟಿನಲ್ಲಿ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬೆರೆಸುವವರ ಮಾತು ಬೇರೆ. ಪಾವಗಡದಂಥ ಕಡೆ ಇರುವವರದ್ದು ಇನ್ನೂ ಬೇರೆ. ಅಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ, ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ, ಟಿಡಿಎಸ್ ಮೀಟರಿನಲ್ಲೂ ಗೊತ್ತಾಗುವುದಿಲ್ಲ. ಅಂಥ ಊರಿನವರು ನೀರನ್ನು ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಲೇಬೇಕು, ಅಲ್ಲಿ ಆರ್‌ಓ ಹಾಕಿಸುವುದು ಸರಿಯಾದ ಖರ್ಚು. ಬೆಂಗಳೂರಿನಲ್ಲಿ ಬೇಡದ ಮನೆಗೆ ಆರ್‌ಓ ಹಾಕಿದರೆ ಒಂದು ಲೀಟರ್ ಕುಡಿಯಲು ಎರಡು ಮೂರು ಲೀಟರ್ ಮೋರಿಗೆ ಹೋಗುತ್ತದೆ. 2024ರ ಬೇಸಿಗೆಯಲ್ಲಿ ಬಿಂದಿಗೆ ಹಿಡಿದು ಟ್ಯಾಂಕರ್ ಕಾದ ಊರು ಇದು, ಅಲ್ವಾ?

ಪ್ರ: ರಾತ್ರಿಯಿಡೀ ಫೋನ್ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಹಾಳಾಗುತ್ತಾ?
(ಓದುಗರು, ಗದಗ)

ಉ: ಸಿಡಿಯುವುದಿಲ್ಲ, ಆಯಸ್ಸು ಸ್ವಲ್ಪ ಕಡಿಮೆಯಾಗುತ್ತದೆ. ಬಿಸಿ ಮತ್ತು ನೂರಕ್ಕೆ ನೂರು ಚಾರ್ಜ್ ಎರಡೂ ಸೇರಿದರೆ ಲಿಥಿಯಂ ಬ್ಯಾಟರಿಗೆ ಆಗಿ ಬರುವುದಿಲ್ಲ. ಈಗಿನ ಹಲವು ಫೋನ್‌ಗಳಲ್ಲಿ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಹಾಕಿಕೊಳ್ಳಿ. ದಿಂಬಿನ ಕೆಳಗೆ ಮಾತ್ರ ಇಡಬೇಡಿ. ಹಿಂಬದಿ ಉಬ್ಬಿದ್ದರೆ ಆ ಫೋನನ್ನು ಇವತ್ತೇ ಬಳಸುವುದು ಬಿಟ್ಟು ರಿಪೇರಿಯವರ ಹತ್ತಿರ ಒಯ್ಯಿರಿ.

ಪ್ರ: ಡ್ರೈವಿಂಗ್ ಕಲಿತದ್ದು ಬೆಂಗಳೂರಿನಲ್ಲಿ, ಎರಡು ವರ್ಷವಾಯಿತು. ಈ ಮಳೆಗಾಲದಲ್ಲಿ ಮೊದಲ ಸಲ ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕು. ಹೆಂಡತಿ, ಮಗು ಜೊತೆಗಿರುತ್ತಾರೆ. ಭಯವಾಗುತ್ತಿದೆ.
(ಓದುಗರು, ಬೆಂಗಳೂರು)

ಉ: ಭಯ ಇದೆ ಅಂದಿರಲ್ಲ, ಅರ್ಧ ಕೆಲಸ ಆದ ಹಾಗೆ. ಭಯವೇ ಇಲ್ಲದೆ ಇಳಿಯುವವರ ಬಗ್ಗೆ ನನಗೆ ಚಿಂತೆ ಜಾಸ್ತಿ.

ನಮ್ಮ ಕಡೆ ಲಾರಿ ಡ್ರೈವರ್‌ಗಳು ಹೇಳುವ ಮಾತು: ಹತ್ತಿದ ಗೇರಿನಲ್ಲೇ ಇಳಿ. ಯಾವ ತಿರುವನ್ನು ಎರಡನೇ ಗೇರಿನಲ್ಲಿ ಹತ್ತುತ್ತೀರೋ ಅದನ್ನು ಇಳಿಯುವುದೂ ಎರಡನೇ ಗೇರಿನಲ್ಲೇ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ, ಬ್ರೇಕಿಗೆ ಕೆಲಸ ಕಡಿಮೆ. ಹೊಸಬರು ಮಾಡುವ ತಪ್ಪೆಂದರೆ ಮೇಲಿನ ಗೇರಿನಲ್ಲಿ ಇಳಿಯುತ್ತಾ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇರುವುದು. ಬ್ರೇಕ್ ಕಾಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಆಮೇಲೆ ಎಷ್ಟು ಒತ್ತಿದರೂ ಹಿಡಿಯುವುದಿಲ್ಲ. ನನಗೂ ಒಮ್ಮೆ ಆ ವಾಸನೆ ಬಂದಿತ್ತು. ಹಿಂದಿನ ಸೀಟಿನಲ್ಲಿ ಅಮ್ಮ ಇದ್ದರು. ಅಗಲವಾದ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಟ್ಟೆ. ಆ ಅರ್ಧ ಗಂಟೆ ಇನ್ನೂ ಮರೆತಿಲ್ಲ. ನ್ಯೂಟ್ರಲ್‌ನಲ್ಲಿ ಇಳಿಯುವ ಯೋಚನೆಯನ್ನೂ ಮಾಡಬೇಡಿ, ಪೆಟ್ರೋಲ್ ಉಳಿಯುತ್ತದೆ ಅಂತ ಯಾರೇ ಹೇಳಲಿ. ಆಟೊಮ್ಯಾಟಿಕ್ ಗಾಡಿಯಾದರೆ ಕೆಳಗಿನ ಗೇರಿಗೆ ಹಾಕುವುದು ಹೇಗೆ ಅಂತ ಮನೆ ಹತ್ತಿರವೇ ಕಲಿತುಕೊಂಡು ಹೊರಡಿ. ಎಲ್ ಅಥವಾ ಎಂ ಅಂತ ಬರೆದಿರುತ್ತದೆ.

ಹತ್ತುವ ಗಾಡಿಗೆ ದಾರಿ ಮೊದಲು. ಕಿರಿದಾದ ಕಡೆ ಇಳಿಯುವವರು ನಿಂತು ಬಿಡಬೇಕು, ಅದು ನಿಯಮವೂ ಹೌದು. ಹತ್ತುವ ಬಸ್ಸು ಮಧ್ಯೆ ನಿಂತರೆ ಮತ್ತೆ ಹೊರಡುವುದು ಕಷ್ಟ. ತಿರುವಿಗೆ ಮೊದಲು ಹಾರ್ನ್ ಮಾಡಿ, ನಿಮ್ಮ ಬದಿಯಲ್ಲೇ ಇರಿ. ಬಸ್ಸಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕಾಗುತ್ತದೆ, ಅದು ಬರುತ್ತಿದೆ ಅಂದರೆ ಸ್ವಲ್ಪ ಹಿಂದೆಯೇ ನಿಲ್ಲಿ. ಮಂಜು ಕವಿದಾಗ ಡಿಪ್ ಬೀಮ್ ಹಾಕಿ, ಹೈ ಬೀಮ್ ಹಾಕಿದರೆ ಮಂಜೇ ಬೆಳ್ಳಗೆ ಗೋಡೆಯ ಥರ ಕಾಣುತ್ತದೆ. ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಓಡಿಸುವ ಅಭ್ಯಾಸ ಬಹಳ ಜನಕ್ಕಿದೆ. ಅದು ನಿಂತ ಗಾಡಿಯ ಗುರುತು, ಹಿಂದಿನವರಿಗೆ ನೀವು ಎತ್ತ ತಿರುಗುತ್ತೀರಿ ಅಂತ ತಿಳಿಯುವುದಿಲ್ಲ.

ಜಲಪಾತ ಚೆನ್ನಾಗಿರುತ್ತದೆ, ಮಗುವಿಗೆ ತೋರಿಸಬೇಕು ಅನಿಸುತ್ತದೆ. ತಿರುವಿನಲ್ಲಿ ಮಾತ್ರ ನಿಲ್ಲಿಸಬೇಡಿ. ಹೊರಡುವ ದಿನ ಬೆಳಗ್ಗೆ ಗುಡ್ಡ ಕುಸಿದಿದೆಯಾ, ಘಾಟಿ ಬಂದ್ ಆಗಿದೆಯಾ ಅಂತ ಸುದ್ದಿ ನೋಡಿ. ಬೆಳಕಿರುವಾಗಲೇ ಇಳಿದು ಮುಗಿಸಿ. ಕೊಟ್ಟಿಗೆಹಾರದಲ್ಲಿ ಬಿಸಿ ಬಿಸಿ ನೀರುದೋಸೆ ತಿಂದು ಹತ್ತು ನಿಮಿಷ ಕೂತು ಹೊರಡಿ, ಕೈಕಾಲು ಸಡಿಲವಾಗುತ್ತವೆ.

ಪ್ರ: ವಾರಕ್ಕೊಮ್ಮೆ ಬೆಂಗಳೂರು–ಮೈಸೂರು ಕಾರಿನಲ್ಲಿ ಓಡಾಡುತ್ತೇನೆ. ಫಾಸ್ಟ್ಯಾಗ್ ವಾರ್ಷಿಕ ಪಾಸ್ ಲಾಭವಾ?
(ಓದುಗರು, ಕೆಂಗೇರಿ)

ಉ: ನಿಮಗೆ ಖಂಡಿತ ಲಾಭ. 2025ರ ಆಗಸ್ಟ್ 15ರಿಂದ ಬಂದ ಈ ಪಾಸ್ 200 ಟ್ರಿಪ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅಲ್ಲಿಯವರೆಗೆ. ಇಲ್ಲಿ ಟ್ರಿಪ್ ಅಂದರೆ ಬೆಂಗಳೂರಿಂದ ಮೈಸೂರಿಗೆ ಒಂದು ಅಂತ ಅಲ್ಲ, ಒಂದು ಟೋಲ್ ದಾಟಿದರೆ ಒಂದು. ಬಿಡದಿ ಕಡೆ ಒಂದು, ಗಣಂಗೂರಿನಲ್ಲಿ ಒಂದು ಇರುವುದರಿಂದ ಹೋಗಿ ಬರಲು ನಾಲ್ಕಾಗುತ್ತದೆ. 200 ಟ್ರಿಪ್ ಅಂದರೆ 50 ವಾರ. ಪಾಸ್ ಶುರುವಾದಾಗಿನ 3000 ರೂಪಾಯಿ ಲೆಕ್ಕದಲ್ಲಿ ಒಂದು ಟೋಲಿಗೆ 15 ರೂಪಾಯಿ ಬಿದ್ದ ಹಾಗೆ. ನೈಸ್ ರಸ್ತೆಯಲ್ಲಿ ಇದು ನಡೆಯುವುದಿಲ್ಲ. ಮತ್ತೆ ಆ ಹೆದ್ದಾರಿಯಲ್ಲಿ ಮಿತಿ ಗಂಟೆಗೆ 100 ಕಿ.ಮೀ., ಕ್ಯಾಮೆರಾಗಳಿವೆ, ದಯವಿಟ್ಟು ನೆನಪಿಡಿ.

ಪ್ರ: ನಮ್ಮ ಅತ್ತೆ ನಿವೃತ್ತ ಶಿಕ್ಷಕಿ, 68 ವರ್ಷ. ಪೊಲೀಸ್ ಡ್ರೆಸ್ಸಿನವನೊಬ್ಬ ವಿಡಿಯೊ ಕರೆ ಮಾಡಿ, ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಯಾರಿಗೂ ಹೇಳಬಾರದು ಅಂದನಂತೆ. ಅತ್ತೆ ಎಫ್.ಡಿ. ಮುರಿಸಲು ಬ್ಯಾಂಕಿಗೇ ಹೋಗಿದ್ದರು. ಅಲ್ಲಿನ ಹುಡುಗಿ ಯಾಕಮ್ಮ ಇದ್ದಕ್ಕಿದ್ದಂತೆ ಅಂತ ಕೇಳಿದ್ದಕ್ಕೆ ಅತ್ತುಬಿಟ್ಟರಂತೆ. ದುಡ್ಡು ಉಳಿಯಿತು. ಆದರೆ ಅತ್ತೆ ಈಗ ಯಾರ ಜೊತೆಯೂ ಮಾತಾಡುತ್ತಿಲ್ಲ, ಫೋನ್ ಮುಟ್ಟುತ್ತಿಲ್ಲ.
(ಓದುಗರು, ಶಿವಮೊಗ್ಗ)

ಉ: ಮೊದಲು ಆ ಬ್ಯಾಂಕಿನ ಹುಡುಗಿಗೆ ನನ್ನ ನಮಸ್ಕಾರ. ಒಂದು ಪ್ರಶ್ನೆ ಕೇಳಿ ಒಂದು ಮನೆಯ ಉಳಿತಾಯ ಕಾಪಾಡಿದರು.

ಡಿಜಿಟಲ್ ಅರೆಸ್ಟ್ ಅನ್ನುವುದು ನಮ್ಮ ಯಾವ ಕಾನೂನಿನಲ್ಲೂ ಇಲ್ಲ. ಪೊಲೀಸರಾಗಲಿ, ಸಿಬಿಐ ಆಗಲಿ, ಕೋರ್ಟ್ ಆಗಲಿ ವಿಡಿಯೊ ಕರೆಯಲ್ಲಿ ಬಂಧಿಸುವುದಿಲ್ಲ, ಪರಿಶೀಲನೆಗೆ ಅಂತ ದುಡ್ಡು ಕಳಿಸಲು ಹೇಳುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯವರೇ ಮನ್ ಕೀ ಬಾತ್‌ನಲ್ಲಿ ಇದನ್ನು ಹೇಳಿದ್ದರು.

ಈಗ ಅತ್ತೆಯ ವಿಷಯ. ಇಷ್ಟು ಓದಿದವರು ಹೇಗೆ ನಂಬಿದರು ಅಂತ ಮನೆಯಲ್ಲಿ ಯಾರೂ ಅನ್ನದ ಹಾಗೆ ನೋಡಿಕೊಳ್ಳಿ. ಅವರು ನಂಬಿದ್ದು ದಡ್ಡತನದಿಂದ ಅಲ್ಲ. ಜೀವನಪೂರ್ತಿ ಕಾನೂನಿಗೆ, ಮರ್ಯಾದೆಗೆ ಹೆದರಿ ಬದುಕಿದವರು ಪೊಲೀಸ್ ಅಂದ ತಕ್ಷಣ ನಡುಗುತ್ತಾರೆ, ಮೋಸಗಾರರು ಹುಡುಕುವುದೂ ಅಂಥವರನ್ನೇ. ಯಾರಿಗೂ ಹೇಳಬೇಡಿ ಅಂತ ಮೊದಲು ಹೇಳುವುದೇ ಅದಕ್ಕೆ, ಪಕ್ಕದ ಕೋಣೆಯಲ್ಲಿರುವ ಸೊಸೆಗೆ ಒಂದು ಮಾತು ಹೇಳಿದ್ದರೂ ಅವರ ಆಟ ಮುಗಿಯುತ್ತಿತ್ತು. ಹತ್ತಿರ ಕೂತು ಒಂದು ವಿಷಯ ಕೇಳಿ ನೋಡಿ: ಅತ್ತೆ, ನಿಮ್ಮ ಜೊತೆ ಕೆಲಸ ಮಾಡಿದ ಟೀಚರುಗಳಿಗೆ ಇದನ್ನು ಹೇಳ್ತೀರಾ, ಅವರಿಗೂ ಇಂಥ ಕರೆ ಬರಬಹುದು ಅಂತ. ಮೂವತ್ತು ವರ್ಷ ಪಾಠ ಹೇಳಿದವರು. ಇನ್ನೊಬ್ಬರಿಗೆ ಹೇಳಿಕೊಡುವ ಕೆಲಸ ಸಿಕ್ಕರೆ ಅವರು ಎದ್ದು ಕೂರುತ್ತಾರೆ ಅಂತ ನನ್ನ ನಂಬಿಕೆ.

ಎಲ್ಲ ಓದುಗರಿಗೂ ಒಂದು ಮಾತು. ದುಡ್ಡು ಹೋಗಿಬಿಟ್ಟಿದ್ದರೆ ಯೋಚನೆ ಮಾಡುತ್ತಾ ಕೂರಬೇಡಿ, ತಕ್ಷಣ 1930ಕ್ಕೆ ಕರೆ ಮಾಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ನಿಮಿಷಗಳಲ್ಲಿ ಹಾರುತ್ತದೆ. ಬೇಗ ಹೇಳಿದಷ್ಟೂ ಅದನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ಈ ನಂಬರನ್ನು ಮನೆಯ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ಅದರ ಕೆಳಗೇ ಗ್ಯಾಸ್ ಸೋರಿಕೆಯ 1906 ಕೂಡ.

ಪ್ರ: ತಟ್ಟೆ ಇಡ್ಲಿಗೆ ಪ್ಲಾಸ್ಟಿಕ್ ಹಾಳೆ ಹಾಕಬಾರದು ಅಂತಾರೆ. ಚಿಕ್ಕ ಹೋಟೆಲಿನವರು ಏನು ಮಾಡಬೇಕು?
(ಓದುಗರು, ತುಮಕೂರು)

ಉ: 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ಇದನ್ನು ನಿಷೇಧಿಸಿದ್ದು ಸರಿಯಾಗಿಯೇ ಇದೆ. ಬಿಸಿ ಹಬೆಯಲ್ಲಿ ತೆಳು ಪ್ಲಾಸ್ಟಿಕ್ ಊಟದ ಜೊತೆ ಇರಲೇಬಾರದು. ಬಿಳಿ ಹತ್ತಿ ಬಟ್ಟೆ ಹಾಕಿ, ಹಿಂದೆ ಎಲ್ಲರೂ ಹಾಕುತ್ತಿದ್ದದ್ದು ಅದನ್ನೇ. ಎರಡು ಮೂರು ಸೆಟ್ ಇಟ್ಟುಕೊಂಡು ದಿನಾ ಕುದಿಯುವ ನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕಿ. ಕೆಲಸ ಹೆಚ್ಚು, ಒಪ್ಪುತ್ತೇನೆ. ಬಾಳೆ ಎಲೆ ಸಿಕ್ಕುವ ಕಡೆ ಎಲೆ ಇನ್ನೂ ಒಳ್ಳೆಯದು, ಪರಿಮಳವೂ ಬರುತ್ತದೆ.

ಪ್ರ: ಮಗ ಪಿಯುಸಿ, 16 ವರ್ಷ. ಟ್ಯೂಷನ್ನಿಗೆ ನನ್ನ 110 ಸಿಸಿ ಸ್ಕೂಟರ್ ಕೊಡಬಹುದಾ? ಗೆಳೆಯರೆಲ್ಲ ತರುತ್ತಾರೆ.
(ಓದುಗರು, ದಾವಣಗೆರೆ)

ಉ: ಬೇಡ ಸಾರ್. 16ಕ್ಕೆ ಲೈಸೆನ್ಸ್ ಸಿಗುವುದು ಗೇರಿಲ್ಲದ 50 ಸಿಸಿ ಒಳಗಿನ ಗಾಡಿಗೆ ಮಾತ್ರ. ಅವನು ನಿಮ್ಮ ಸ್ಕೂಟರ್ ಓಡಿಸುವಾಗ ಏನಾದರೂ ಅಪರಾಧವಾದರೆ ನಿಮಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು, ಗಾಡಿಯ ನೋಂದಣಿ ಒಂದು ವರ್ಷ ರದ್ದು. ಅವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಇದು 2019ರ ತಿದ್ದುಪಡಿಯಲ್ಲಿ ಬಂದ ನಿಯಮ. ದಂಡ ಬಿಡಿ, ಎದುರಿನಿಂದ ಲಾರಿ ಬಂದಾಗ ಏನು ಮಾಡಬೇಕು ಅಂತ ಕಲಿಯಲು ಅವನಿಗೆ ಇನ್ನೂ ಸಮಯ ಬೇಕು. ಒಳ್ಳೆಯ ಸೈಕಲ್ ಕೊಡಿಸಿ. ಗೆಳೆಯರ ಮಾತಿಗೆ ಬೇಜಾರಾದರೆ, ಹದಿನೆಂಟರ ಹುಟ್ಟುಹಬ್ಬಕ್ಕೆ ನಾನೇ ಕೂತು ಕಲಿಸುತ್ತೇನೆ ಅಂತ ಮಾತು ಕೊಡಿ, ಕೊಟ್ಟ ಮೇಲೆ ನಡೆಸಿ.

ಪ್ರ: ನನ್ನ ಕಥೆ, ಪ್ರಬಂಧಗಳೆಲ್ಲ ಹಳೇ ಕಂಪ್ಯೂಟರಿನಲ್ಲಿ ನುಡಿ ತಂತ್ರಾಂಶದಲ್ಲಿವೆ. ಮೊಮ್ಮಗಳ ಫೋನಿಗೆ ಕಳಿಸಿದರೆ ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಹಾಳಾಯಿತಾ?
(ಓದುಗರು, ಧಾರವಾಡ)

ಉ: ಒಂದಕ್ಷರವೂ ಹಾಳಾಗಿಲ್ಲ. ನೀವು ಬರೆದ ಕಾಲದಲ್ಲಿ ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ತುಣುಕು ಕೂರಿಸುವ ಫಾಂಟ್‌ಗಳಿದ್ದವು. ಆ ಫಾಂಟ್ ಇಲ್ಲದ ಫೋನಿಗೆ ಅದು ಇಂಗ್ಲಿಷಿನ ಗೊಂದಲವಾಗಿ ಕಾಣುತ್ತದೆ. ಈಗಿನ ಫೋನ್‌ಗಳು ಓದುವ ಯೂನಿಕೋಡ್ ಅಕ್ಷರಗಳಿಗೆ ಬದಲಾಯಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಮೊಮ್ಮಗಳಿಗೆ ಹೇಳಿದರೆ ಒಂದು ಸಂಜೆಯಲ್ಲಿ ಮಾಡಿಕೊಡುತ್ತಾಳೆ. ಅರ್ಕಾವತ್ತು ಇರುವ ಪದಗಳನ್ನು ಮಾತ್ರ ಒಮ್ಮೆ ಕಣ್ಣಾಡಿಸಿ, ಅಲ್ಲಿ ತಪ್ಪುವುದುಂಟು. ನೀವು ಕೈಗೆ ರೂಢಿಸಿಕೊಂಡ ಕೀಲಿಮಣೆ ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು, ಅದೇ ಕ್ರಮದಲ್ಲಿ ಯೂನಿಕೋಡ್ ಟೈಪ್ ಮಾಡಲೂ ಆಗುತ್ತದೆ. ಇನ್ನು ಮುಂದೆ ಬರೆಯುವುದನ್ನೆಲ್ಲ ಹಾಗೇ ಬರೆಯಿರಿ. ಹಳೆಯದನ್ನು ಕಂಪ್ಯೂಟರ್ ಕೆಡುವ ಮೊದಲೇ ಎರಡು ಕಡೆ ನಕಲು ಮಾಡಿಡಿ.

ಪ್ರ: ಅಪ್ಪನಿಗೆ 74. ಹಾಸನದಲ್ಲಿ ಇದ್ದಾರೆ, ಈಗಲೂ ಕಾರು ಓಡಿಸುತ್ತಾರೆ. ಬಂಪರ್ ಮೇಲೆ ಹೊಸ ಹೊಸ ಗೀರು ಕಾಣುತ್ತಿವೆ. ನಿಲ್ಲಿಸಿ ಅಂದರೆ ಸಿಟ್ಟು. ಕೀ ಕಿತ್ತಿಟ್ಟುಕೊಳ್ಳಲಾ?
(ಓದುಗರು, ಬೆಂಗಳೂರು)

ಉ: ಕೀ ಕೀಳಬೇಡಿ. ನಾವು ಹಾಗೆ ಮಾಡಿದ್ದೆವು. ನನ್ನ ಅಪ್ಪನ ಸ್ಕೂಟರ್ ಕೀಯನ್ನು ಒಂದು ದಿನ ಬಚ್ಚಿಟ್ಟೆವು. ಅಪ್ಪ ಜಗಳ ಆಡಲಿಲ್ಲ, ಕೇಳಲೂ ಇಲ್ಲ. ಸಂಜೆ ಗೆಳೆಯರ ಕಟ್ಟೆಗೆ ಹೋಗುವುದನ್ನೇ ಬಿಟ್ಟರು. ಮೂರು ತಿಂಗಳಲ್ಲಿ ಹತ್ತು ವರ್ಷ ವಯಸ್ಸಾದವರಂತೆ ಕಂಡರು. ಅದು ನಮ್ಮ ತಪ್ಪು, ಈಗಲೂ ನೋವಿದೆ.

ಕಣ್ಣಿನಿಂದ ಶುರು ಮಾಡಿ. ಎದುರಿನ ಗಾಡಿಯ ಲೈಟ್ ಕಣ್ಣು ಕುಕ್ಕುತ್ತದೆ ಅಂತ ಹೇಳುತ್ತಾರಾ ಕೇಳಿ. ಅದು ಪೊರೆಯ ಲಕ್ಷಣ ಇರಬಹುದು. ಆಪರೇಷನ್ ಆದ ಮೇಲೆ ಎಷ್ಟೋ ಜನ ಮೊದಲಿಗಿಂತ ಚೆನ್ನಾಗಿ ಓಡಿಸುತ್ತಾರೆ. 55 ದಾಟಿದವರ ಲೈಸೆನ್ಸ್ ಐದೈದು ವರ್ಷಕ್ಕೆ ನವೀಕರಣವಾಗಬೇಕು, ಅದಕ್ಕೆ ವೈದ್ಯರ ಪ್ರಮಾಣಪತ್ರ ಬೇಕು. ಅಪ್ಪನ ಲೈಸೆನ್ಸ್ ದಿನಾಂಕ ನೋಡಿ. ಆ ನೆಪದಲ್ಲಿ ಡಾಕ್ಟರ್ ಹತ್ತಿರ ಹೋದರೆ ಮಗ ಹೇಳಿದ ಹಾಗಾಗುವುದಿಲ್ಲ.

ಆಮೇಲೆ ಊರಿಗೆ ಹೋದಾಗ ಒಂದು ಗಂಟೆ ಪಕ್ಕದಲ್ಲಿ ಸುಮ್ನೆ ಕೂತು ನೋಡಿ. ಗೀರು ಎಡಬದಿಯಲ್ಲೇ ಇವೆಯಾ? ಸಿಗ್ನಲ್ ತಡವಾಗಿ ಕಾಣುತ್ತಿದೆಯಾ? ಕತ್ತು ತಿರುಗಿಸಿ ಹಿಂದೆ ನೋಡುತ್ತಾರಾ? ಎಲ್ಲ ಸರಿಯಿದ್ದರೆ ರಾತ್ರಿ ಮತ್ತು ಹೈವೇ ಮಾತ್ರ ಬಿಡೋಣ ಅಂತ ಕೇಳಿಕೊಳ್ಳಿ, ಹಗಲು ಊರೊಳಗೆ ಓಡಿಸಲಿ. ಸರಿಯಿಲ್ಲ ಅಂತ ಕಂಡರೆ ನಿಲ್ಲಿಸಲೇಬೇಕು. ರಸ್ತೆಯಲ್ಲಿ ಬೇರೆಯವರ ಮಕ್ಕಳೂ ಇರುತ್ತಾರೆ. ಆದರೆ ನಿಲ್ಲಿಸಿ ಅನ್ನುವ ದಿನಕ್ಕೆ ಮೊದಲೇ ಇನ್ನೊಂದು ದಾರಿ ಮಾಡಿಟ್ಟಿರಬೇಕು. ಅಪ್ಪ ದಿನಾ ಎಲ್ಲೆಲ್ಲಿಗೆ ಹೋಗುತ್ತಾರೆ ಅಂತ ಕೇಳಿ ತಿಳಿದುಕೊಳ್ಳಿ, ಮಾರ್ಕೆಟ್ಟು, ದೇವಸ್ಥಾನ, ಗೆಳೆಯರ ಮನೆ. ಅವರಿಗೆ ಒಗ್ಗುವ ಒಬ್ಬ ಆಟೊದವರನ್ನು ಹುಡುಕಿ ತಿಂಗಳಿಗೆ ಇಷ್ಟು ಅಂತ ಮಾತಾಡಿ. ನಂಬರನ್ನು ಅಪ್ಪನ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ಹಾಕಿಕೊಟ್ಟು, ಮೊದಲ ದಿನ ನೀವೂ ಆ ಆಟೊದಲ್ಲಿ ಅವರ ಜೊತೆ ಕೂತು ಹೋಗಿ ಬನ್ನಿ.